ಗಂಗಾಧರಸ್ವಾಮಿಯ ರೇಸ್ ಕ್ಲಚ್ಚು

ನಂಜನಗೂಡಿನ ಗಂಗಾಧರಸ್ವಾಮಿಗೆ ಯಾರು ಏನು ಹೇಳಿದರೂ ಅರ್ಧ ಮಾತ್ರ ತಲೆಗೆ ಹೋಗುತ್ತಿತ್ತು. ಕಿವಿಯಲ್ಲಿ ದೋಷವೇನೂ ಇರಲಿಲ್ಲ. ಮಾತಿನ ಮೊದಲರ್ಧ ಕೇಳಿದ ಕೂಡಲೇ ಅವನಿಗೆ ಸಂತೋಷವಾಗಿಬಿಡುತ್ತಿತ್ತು. ಆ ಸಂತೋಷದ ಗದ್ದಲದಲ್ಲಿ ಉಳಿದರ್ಧ ಬಂದದ್ದೂ ಹೋದದ್ದೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ದೇವರು ಇಂಥ ಮನುಷ್ಯರನ್ನು ಕೈಯಲ್ಲಿ ಒಂದು ತಾಳ ಕೊಟ್ಟು ಭಜನೆಗೆ ಕೂರಿಸಬೇಕು. ಆದರೆ ಗಂಗಾಧರಸ್ವಾಮಿ ಮದುವೆ ಮನೆಗಳಿಗೆ ಸಾಮಾನು ಬಾಡಿಗೆ ಕೊಡುವ ವ್ಯಾಪಾರ ಹಿಡಿದ.

ಮೊದಲು ಮೈಕ್ ಸೆಟ್ ಇಟ್ಟ. ಆಮೇಲೆ ಸೀರಿಯಲ್ ಲೈಟು. ಆಮೇಲೆ ಮದುಮಗ ಕೂರಲೆಂದು ಒಂದು ಬಿಳಿ ಕುದುರೆ. ಕುದುರೆ ನೋಡಲು ಲಕ್ಷಣವಾಗಿತ್ತು. ಆದರೆ ಎರಡು ಮದುವೆಯಲ್ಲೇ ಬಾಳೆ ಎಲೆಯ ರುಚಿ ಹತ್ತಿಸಿಕೊಂಡು, ಮೂರನೆಯದರಲ್ಲಿ ಮದುಮಗನನ್ನು ನೇರವಾಗಿ ಪಂಕ್ತಿಯ ನಡುವೆ ತಂದು ನಿಲ್ಲಿಸಿತು. ಗಂಗಾಧರಸ್ವಾಮಿಗೆ ಆಗಲೂ ಬೇಜಾರಾಗಲಿಲ್ಲ. ಕುದುರೆಗೆ ಹೊಟ್ಟೆ ಇರುವುದೇ ತೊಂದರೆ, ಹೊಟ್ಟೆ ಇಲ್ಲದ ವಾಹನ ತರಬೇಕು ಎಂದು ತೀರ್ಮಾನಿಸಿದ.

ನಾನು ತಿ. ನರಸೀಪುರದವನು, ಪ್ರೈಮರಿ ಸ್ಕೂಲಿನ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಗಂಗಾಧರಸ್ವಾಮಿಯ ಭಾವ ನಂಜುಂಡೇಶನ ಪಕ್ಕದ ಮನೆ ನನ್ನದು. ತೊಂಬತ್ತೆಂಟರ ಆ ಸಂಜೆ ನಮ್ಮೂರ ದೊಡ್ಡ ರಸ್ತೆಯಲ್ಲಿ ಪಂಚೆ ಎತ್ತಿಕಟ್ಟಿ ಓಡಿದ ಮರ್ಯಾದಸ್ಥರಲ್ಲಿ ನಾನೂ ಒಬ್ಬ. ಏಕೆ ಓಡಿದಿರಿ ಎಂದು ಈಗಲೂ ಕೇಳುವವರಿದ್ದಾರೆ. ಅವರಿಗಾಗಿ ಇದನ್ನು ಸಾವಕಾಶವಾಗಿ ಬರೆಯುತ್ತಿದ್ದೇನೆ.

ಹೊಟ್ಟೆ ಇಲ್ಲದ ವಾಹನ ಸಿಕ್ಕಿದ್ದು ಕೊಡಗಿನ ಎಸ್ಟೇಟೊಂದರಲ್ಲಿ. ಕೆಂಪು ಬಣ್ಣದ ಹೊರದೇಶದ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮೇಲಿನ ಚಾವಣಿ ಮಡಚಿ ಹಿಂದಕ್ಕೆ ಹಾಕಬಹುದು. ಎಸ್ಟೇಟಿನ ಸಾಹುಕಾರರು ಅದನ್ನು ರೇಸಿಗೆ ಬಿಡುತ್ತಿದ್ದವರು, ಸೊಂಟನೋವು ಬಂದು ಕೂತರೆ ಏಳಲಾಗದ ಸ್ಥಿತಿಯಲ್ಲಿ ಮಾರಲು ಹೊರಟಿದ್ದರು. ಗಂಗಾಧರಸ್ವಾಮಿ ತನ್ನ ಅಂಬಾಸಿಡರ್ ಕೊಟ್ಟು ಅದನ್ನು ತಂದ. ಸೀಟಿನ ಹಿಂದೆ ಮಡಚಿದ ಚಾವಣಿಯ ಮೇಲೆ ರೇಷ್ಮೆ ಮೆತ್ತೆ ಹಾಕಿ ಮದುಮಗನನ್ನು ಕೂರಿಸಿದರೆ ಮೈಸೂರು ಮಹಾರಾಜರೂ ಒಂದು ಕ್ಷಣ ನಿಂತು ನೋಡಬೇಕು ಎಂಬುದು ಅವನ ಅಂದಾಜು. ಸಾಹುಕಾರರು ಬೀಗದ ಕೈ ಕೊಡುತ್ತಾ ಇದು ನಿಧಾನಕ್ಕೆ ಹೋಗುವ ಗಾಡಿ ಅಲ್ಲ ಎಂದರಂತೆ. ಅಷ್ಟು ಹೊತ್ತಿಗೆ ಇವನು ಸಂತೋಷದಲ್ಲಿದ್ದ.

ಮದುವೆ ಮೆರವಣಿಗೆ ಎಂದರೆ ಏನು ಎಂಬುದು ನಮಗೆಲ್ಲ ಗೊತ್ತು. ಮುಂದೆ ಬ್ಯಾಂಡ್‌ನವರು ಎರಡು ಹೆಜ್ಜೆ ಇಟ್ಟು ಒಂದು ಗಳಿಗೆ ನಿಲ್ಲುತ್ತಾರೆ. ಹಿಂದೆ ಕಳಸ ಹಿಡಿದ ಹೆಂಗಸರು ಸೀರೆಯ ಸೆರಗಿಗಿಂತ ನಿಧಾನವಾಗಿ ನಡೆಯುತ್ತಾರೆ. ನಡುವಿನ ಕಾರು ಆಮೆಯ ಮರ್ಯಾದೆಯಲ್ಲಿ ಸಾಗಬೇಕು. ಅದಕ್ಕೆ ಡ್ರೈವರು ಕ್ಲಚ್ಚನ್ನು ಅರ್ಧ ಒತ್ತಿ ಅರ್ಧ ಬಿಟ್ಟು ಇಡೀ ಊರು ದಾಟಿಸಬೇಕು. ಹಾಗೆ ಉಜ್ಜಿ ಉಜ್ಜಿ ಒಳಗಿನ ಪ್ಲೇಟು ಕಾಯುತ್ತದೆ. ಅಂಬಾಸಿಡರ್ ಅದನ್ನು ಸಹಿಸಿಕೊಳ್ಳುತ್ತಿತ್ತು. ರೇಸಿನ ಕಾರು ಅಂಥ ಅವಮಾನ ಸಹಿಸಲಿಲ್ಲ. ಬಿಳಿಗೆರೆಯ ಮದುವೆಯಲ್ಲಿ ಕ್ಲಚ್ ಪ್ಲೇಟು ಸುಟ್ಟು, ಆ ವಾಸನೆ ಚಪ್ಪರದೊಳಗೆ ಹೋಗಿ, ಪಾಯಸ ತಳ ಹಿಡಿದಿದೆ ಎಂದು ಹಿರಿಯರೆಲ್ಲ ಅಡಿಗೆಮನೆಗೆ ನುಗ್ಗಿದರು. ಅಡಿಗೆಯವನು ಸೌಟು ಬಿಸಾಕಿ ಬಸ್ಸು ಹತ್ತಿದ. ಪಾಯಸ ಚೆನ್ನಾಗಿಯೇ ಇತ್ತು.

ಈ ಹೊತ್ತಿಗೆ ಸರಿಯಾಗಿ ಗಂಗಾಧರಸ್ವಾಮಿಯ ಅಕ್ಕನ ಮಗಳು ಗಾನವಿಯ ಮದುವೆ ಗೊತ್ತಾಯಿತು. ಗಂಡು ಮೂಗೂರಿನ ಮಲ್ಲಿಕಾರ್ಜುನ್, ರೇಷ್ಮೆ ಇಲಾಖೆಯಲ್ಲಿ ಕೆಲಸ, ಮಿತಭಾಷಿ. ಮದುವೆ ನಮ್ಮ ತಿ. ನರಸೀಪುರದಲ್ಲೇ.

ನಮ್ಮ ಕಡೆ ಮದುಮಗಳನ್ನು ಕೈ ಹಿಡಿದು ಹಸೆಮಣೆಗೆ ಕರೆತರುವುದು ಸೋದರಮಾವನ ಹಕ್ಕು. ಗಂಗಾಧರಸ್ವಾಮಿಯ ಅಕ್ಕ, ಅಂದರೆ ಗಾನವಿಯ ತಾಯಿ, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಾಯಿಯಿಲ್ಲದ ಹುಡುಗಿಗೆ ಆ ದಿನ ತಾಯಿಯ ಕಡೆಯ ಒಂದು ಕೈ ಬೇಕಾಗುತ್ತದೆ. ಅಜ್ಜಿಯೊಬ್ಬಳನ್ನು ಬಿಟ್ಟರೆ ಗಾನವಿಗೆ ಇದ್ದ ಆ ಕೈ ಗಂಗಾಧರಸ್ವಾಮಿಯದೊಂದೇ. ಆದರೆ ಹುಡುಗಿಯ ತಂದೆ ನಂಜುಂಡೇಶನಿಗೆ ಆ ಕೈಯ ಮೇಲೆ ನಂಬಿಕೆ ಇರಲಿಲ್ಲ. ನಂಜುಂಡೇಶ ಬೆಲ್ಲದ ಮಂಡಿ ಇಟ್ಟವನು, ತೂಕದ ಮನುಷ್ಯ, ಸುಳ್ಳು ಆಡಿದವನಲ್ಲ. ಅವನ ಗೃಹಪ್ರವೇಶಕ್ಕೆ ಗಂಗಾಧರಸ್ವಾಮಿ ಪ್ರೀತಿಯಿಂದ ಸೀರಿಯಲ್ ಲೈಟು ಹಾಕಿ ಇಡೀ ಬೀದಿಯ ಫ್ಯೂಸು ಹಾರಿಸಿದ್ದರಿಂದ ನಾವೆಲ್ಲ ಕತ್ತಲಲ್ಲಿ ಒಬ್ಬರೆಲೆಯಲ್ಲಿ ಒಬ್ಬರು ಉಂಡಿದ್ದೆವು. ಅಕ್ಕ ಹೋದ ಮೇಲೆ ನಡುವೆ ಸಮಾಧಾನ ಹೇಳುವವರೂ ಇಲ್ಲದೆ ಭಾವ ಭಾಮೈದರ ಮಾತು ಹಬ್ಬಕ್ಕೊಂದು ಎಂಬಷ್ಟಕ್ಕೆ ಬಂದಿತ್ತು. ಹಸೆಗೆ ಕರೆತರಲು ನಂಜುಂಡೇಶ ತನ್ನ ಚಿಕ್ಕಪ್ಪನ ಮಗನನ್ನೇ ಗೊತ್ತುಮಾಡಿ ರೇಷ್ಮೆ ಶಲ್ಯವನ್ನೂ ಕೊಡಿಸಿದ್ದ.

ಗಾನವಿ ಎರಡು ದಿನ ಊಟ ಬಿಟ್ಟಳು. ಕೊನೆಗೆ ನಂಜುಂಡೇಶ ಭಾಮೈದನನ್ನು ಕರೆಸಿ ನನ್ನೆದುರಿಗೇ ಒಂದು ಮಾತು ಹೇಳಿದ.

"ನೋಡು ಗಂಗಾಧರ, ಗಂಡಿಗೆ ನಿನ್ನ ಕೆಂಪು ಕಾರಲ್ಲಿ ಬರಬೇಕು ಅಂತ ಆಸೆ ಅಂತೆ. ಮೆರವಣಿಗೆ ನೀನೇ ಮಾಡು. ಒಂದು ಎಡವಟ್ಟಾಗದಂಗೆ, ಬೀಗರ ಮುಖ ಸಣ್ಣಗಾಗದಂಗೆ ಗಂಡನ್ನ ಮಂಟಪಕ್ಕೆ ತಂದು ಇಳಿಸಿದ್ರೆ, ಹುಡುಗೀನ ಹಸೆಗೆ ನೀನೇ ಕರ್ಕೊಂಡು ಬಾ. ಏನಾದ್ರೂ ಆಯ್ತೋ, ಊಟ ಮಾಡ್ಕೊಂಡು ಸುಮ್ನೆ ನಂಜನಗೂಡಿನ ಬಸ್ಸು ಹತ್ತು."

ಗಂಗಾಧರಸ್ವಾಮಿಗೆ ಸಂತೋಷವಾಯಿತು. ಈ ಸಲ ಮಾತ್ರ ಎರಡೂ ಅರ್ಧ ಕೇಳಿಸಿದ್ದವು ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಅಲ್ಲಿಂದ ಅವನು ನೇರ ಹೋದದ್ದು ನಂಜನಗೂಡಿನ ಮೆಕ್ಯಾನಿಕ್ ನಿಂಗರಾಜು ಬಳಿಗೆ. ನಿಂಗರಾಜು ಒಂದು ಸಲ ಮದರಾಸಿಗೆ ಹೋಗಿ ಕಾರ್ ರೇಸ್ ನೋಡಿ ಬಂದವನು. ಅಂದಿನಿಂದ ಮೊಪೆಡ್ಡಿಗೆ ಪಂಕ್ಚರ್ ಹಾಕುವಾಗಲೂ ಪಕ್ಕದಲ್ಲಿ ಯಾರೋ ಬಾವುಟ ಹಿಡಿದು ಕಾಯುತ್ತಿರುವಂತೆ ಅವಸರ ಮಾಡುತ್ತಿದ್ದ. ಬದುಕಿನಲ್ಲಿ ಒಮ್ಮೆ ರೇಸಿನ ಕಾರಿಗೆ ಕೈ ಹಾಕಬೇಕೆಂದು ಅವನು ಹರಕೆ ಹೊತ್ತಿದ್ದನೆಂದು ಕೇಳಿದ್ದೇನೆ. ಗಂಗಾಧರಸ್ವಾಮಿ ಸುಡದೇ ಇರುವ ಕ್ಲಚ್ಚು ಬೇಕು ಎಂದ. ನಿಂಗರಾಜು ಆನಂದದಿಂದ ಕೊಯಮತ್ತೂರಿಗೆ ಬಸ್ಸು ಹತ್ತಿ, ದಪ್ಪ ಸ್ಪ್ರಿಂಗಿನ, ತಾಮ್ರದ ಬಿಲ್ಲೆ ಜೋಡಿಸಿದ ಪ್ಲೇಟಿನ ರೇಸ್ ಕ್ಲಚ್ಚೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದು ಕೂರಿಸಿದ.

"ಸಾ, ಇದು ಬೆಂಕಿಗಾಕಿದ್ರೂ ಸುಡಾಕಿಲ್ಲ," ಎಂದ ನಿಂಗರಾಜು. "ಆದ್ರೆ ಇದ್ಕೆ ಅರ್ಧ ಅನ್ನೋದಿಲ್ಲ ಕಣ್ರೀ. ಇಡಿದ್ರೆ ಇಡೀತು, ಬುಟ್ರೆ ಬುಡ್ತು. ನಿಧಾನಕ್ಕೆ ಉಜ್ಕೊಂಡು ಓಗ್ತೀನಿ ಅಂದ್ರೆ ಆಗಾಕಿಲ್ಲ."

ಅವನು ಎರಡನೆಯ ವಾಕ್ಯಕ್ಕೆ ಬರುವಾಗ ಗಂಗಾಧರಸ್ವಾಮಿ ಎದುರಿನ ಅಂಗಡಿಯಲ್ಲಿ ಪೂಜೆಗೆ ತೆಂಗಿನಕಾಯಿ ಆರಿಸುತ್ತಿದ್ದ.

ಕಾರನ್ನು ಗುಂಡ್ಲುಪೇಟೆ ರಸ್ತೆಯಲ್ಲಿ ಓಡಿಸಿ ನೋಡಿದರು. ಅದು ರಸ್ತೆಯನ್ನೇ ಸುರುಳಿ ಸುತ್ತುವಂತೆ ಓಡಿತು. ರಸ್ತೆ ಖಾಲಿ ಇದ್ದುದರಿಂದ ನಿಧಾನಕ್ಕೆ ಹೋಗುವ ಪ್ರಸಂಗವೇ ಬರಲಿಲ್ಲ. ಒಂದೇ ಕಷ್ಟ, ಕ್ಲಚ್ಚಿನ ಪೆಡಲು ಒತ್ತಲು ಒಂದು ಕಾಲಿನ ಶಕ್ತಿ ಸಾಲದು. ಗಂಗಾಧರಸ್ವಾಮಿಯ ಎಡಗಾಲಿನ ಮೀನಖಂಡ ಬಿಗಿದು ಅವನು ಕುಂಟತೊಡಗಿದ. ಅವನ ತಾಯಿ ಮಲ್ಲಾಜಮ್ಮ ಹರಳೆಣ್ಣೆ ತಿಕ್ಕುತ್ತಾ, ಇದು ಗಾಳಿ ಸೋಕಿದ್ದು, ಇಲ್ಲದಿದ್ದರೆ ಒಂದೇ ಕಾಲು ಏಕೆ ನೋಯುತ್ತದೆ ಎಂದು ವಾದಿಸಿದಳು. ಅಕ್ಕಪಕ್ಕದವರು ಬಂದು ಕಾಲು ಮುಟ್ಟಿ ನೋಡಿ ತಲೆಗೊಂದು ಔಷಧಿ ಹೇಳಿದರು. ಕ್ಲಚ್ಚು ಬದಲಾಯಿಸಿ ಎಂದು ಒಬ್ಬರೂ ಹೇಳಲಿಲ್ಲ.

ಮದುವೆಯ ಹಿಂದಿನ ಸಂಜೆ. ಗಂಡಿನ ಕಡೆಯವರಿಗೆ ಹೊಳೆ ದಡದ ಮಠದಲ್ಲಿ ಬಿಡದಿ. ಅಲ್ಲಿಂದ ಬಸ್ ಸ್ಟ್ಯಾಂಡ್ ಬಳಸಿ, ತಾಲೂಕು ಆಫೀಸು ದಾಟಿ ಕಲ್ಯಾಣ ಮಂಟಪಕ್ಕೆ ಮೆರವಣಿಗೆ. ಮೆರವಣಿಗೆಯ ನಡಿಗೆಯಲ್ಲಿ ಒಂದು ಗಂಟೆಯ ಹಾದಿ. ನಂಜುಂಡೇಶ ಮಂಟಪದಲ್ಲಿ ಆರತಿಗೆ, ಊಟಕ್ಕೆ ಅದೇ ಲೆಕ್ಕದಲ್ಲಿ ಏರ್ಪಾಡು ಮಾಡುತ್ತಿದ್ದ. ಹೆಣ್ಣಿನ ಕಡೆಯಿಂದ ಗಂಡನ್ನು ಎದುರುಗೊಳ್ಳಲು ನಾವು ಹತ್ತಾರು ಗಂಡಸರು ಬಿಡದಿಗೆ ಹೋಗಿದ್ದೆವು. ಮಲ್ಲಿಕಾರ್ಜುನ್ ಪೇಟ ಬಾಸಿಂಗ ಕಟ್ಟಿಕೊಂಡು ಮೆತ್ತೆಯ ಮೇಲೆ ಕುಳಿತ. ಮುಂದೆ ಮಂಟೇಸ್ವಾಮಿಯ ಬ್ಯಾಂಡ್ ಸೆಟ್. ಮಂಟೇಸ್ವಾಮಿ ನಮ್ಮ ತಾಲೂಕಿಗೆಲ್ಲ ಹೆಸರಾದ ಕ್ಲಾರಿನೆಟ್ ವಾದಕ. ಒಂದು ರಾಗ ಹಿಡಿದರೆ ಮೆರವಣಿಗೆ ಮೂರು ಅಂಗಡಿ ದಾಟುವುದರೊಳಗೆ ಮುಗಿಸಿದವನಲ್ಲ.

ಗಂಗಾಧರಸ್ವಾಮಿ ಕೈಮುಗಿದು ಗೇರು ಹಾಕಿ, ಕ್ಲಚ್ಚನ್ನು ಅಭ್ಯಾಸದಂತೆ ಅರ್ಧ ಬಿಟ್ಟ. ಕಾರು ಒಮ್ಮೆ ನೆಗೆದು ಆಫಾಯಿತು. ಮದುಮಗ ಮೆತ್ತೆಯಿಂದ ಜಾರಿ ಮುಂದಿನ ಸೀಟಿನಲ್ಲಿ ತಲೆಕೆಳಗಾಗಿ ಕಾಣಿಸಿಕೊಂಡ. ಅವನನ್ನು ನೇರ ಮಾಡಿ ಕೂರಿಸಿದರು. ಮತ್ತೆ ಸ್ಟಾರ್ಟ್ ಮಾಡಿದ. ಮತ್ತೆ ನೆಗೆಯಿತು. ಈ ಸಲ ಮಲ್ಲಿಕಾರ್ಜುನ್ ಮೊದಲೇ ಸೀಟಿಗೆ ಇಳಿದು ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಸರ್ಕಾರಿ ಕೆಲಸದವರಿಗೆ ಮುಂದಾಲೋಚನೆ ಇರುತ್ತದೆ.

ಗಂಡಿನ ಕಡೆಯವರು ಮುಖ ಮುಖ ನೋಡತೊಡಗಿದರು. ಗಂಗಾಧರಸ್ವಾಮಿಯ ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿ ಮೂಗಿಗೆ ಬಂತು. ಏನಾದರೂ ಆಯ್ತೋ ಎಂದ ಭಾವನ ಮಾತು ಅವನ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿತ್ತಂತೆ. ಆಮೇಲೆ ನನಗೆ ಹೇಳಿದ, ಆಗ ಕಣ್ಣ ಮುಂದೆ ಬಂದದ್ದು ಭಾವನಲ್ಲ, ಗಾನವಿ, ಅದೂ ಭಾವನ ಚಿಕ್ಕಪ್ಪನ ಮಗನ ಕೈ ಹಿಡಿದುಕೊಂಡು ಎಂದು. ಮೂರನೆಯ ಸಲ ಅವನು ಕಣ್ಣು ಮುಚ್ಚಿ ಕ್ಲಚ್ಚನ್ನು ಪೂರ್ತಿ ಬಿಟ್ಟುಬಿಟ್ಟ.

ಕಾರು ಹೊರಟಿತು. ಕಾಲು ಆಡಿಸದಿದ್ದರೆ ನಿಲ್ಲದೆ ಹೋಗುತ್ತದೆ ಎಂದು ಅವನಿಗೆ ತಿಳಿಯಿತು. ಆದರೆ ಆ ಜಾತಿಯ ಕಾರು ಮೊದಲ ಗೇರಿನಲ್ಲಿ ಹೋಗುವ ಅತಿ ನಿಧಾನ ಎಂದರೆ ಆರೋಗ್ಯವಂತ ಮನುಷ್ಯ ಓಡುವ ವೇಗ. ಅದಕ್ಕಿಂತ ಕಡಿಮೆ ಅದಕ್ಕೆ ಗೊತ್ತಿಲ್ಲ. ಮಂಟೇಸ್ವಾಮಿ ರಾಗದ ಆಲಾಪನೆಯಲ್ಲಿದ್ದವನು ಕಾಲಿಗೆ ಬಂಪರು ತಾಗಿ ಹಿಂತಿರುಗಿ ನೋಡಿದ. ಗಂಗಾಧರಸ್ವಾಮಿ ಸ್ಟಿಯರಿಂಗ್ ಹಿಡಿದು, ನಿಲ್ಲಬೇಡ, ನಡಿ ನಡಿ ಎಂದು ಬೇಡಿಕೊಳ್ಳುತ್ತಿದ್ದ.

"ಸಾ, ಇದು ನಡಿಯೋ ಕೆಲ್ಸ ಅಲ್ಲ," ಎಂದು ಮಂಟೇಸ್ವಾಮಿ ಕ್ಲಾರಿನೆಟ್ಟನ್ನು ಮತ್ತೆ ಬಾಯಿಗಿಟ್ಟು ಓಡಲು ಶುರುಮಾಡಿದ. ಹಿಂದೆ ಅವನ ಡೋಲು, ತಮಟೆ, ತಾಳದವರೆಲ್ಲ ಓಡಿದರು.

ಇಲ್ಲಿಯವರೆಗೆ ಆದದ್ದು ಕೇವಲ ಯಂತ್ರದ ದೋಷ. ಮುಂದೆ ಆದದ್ದು ಮನುಷ್ಯರ ಮರ್ಯಾದೆಯಿಂದ. ಗಂಡಿನ ದೊಡ್ಡಪ್ಪ ಎಂಬ ಹಿರಿಯರು ಶಲ್ಯ ಹಿಡಿದುಕೊಂಡು ಕಾರಿನ ಪಕ್ಕ ಓಡುತ್ತಾ ಬಂದು ವಿನಯದಿಂದ ಕೇಳಿದರು.

"ಯಜಮಾನ್ರೆ, ಇದು ನಿಮ್ಮ ಕಡೆ ಶಾಸ್ತ್ರವಾ?"

ನಮ್ಮ ಸೀಮೆಯಲ್ಲಿ ಮಾತ್ರ ಹುಟ್ಟುವ ಪ್ರಶ್ನೆ ಇದು. ಮದುವೆಯಲ್ಲಿ ಕಣ್ಣೆದುರು ಯಾವ ವಿಚಿತ್ರ ನಡೆದರೂ ನಾವು ಏನಿದು ಎಂದು ಕೇಳುವುದಿಲ್ಲ, ನಿಮ್ಮ ಕಡೆ ಹೀಗಾ ಎಂದು ಕೇಳುತ್ತೇವೆ. ಇನ್ನೊಬ್ಬರ ಶಾಸ್ತ್ರಕ್ಕೆ ಅಡ್ಡ ಬಂದವನೆಂಬ ಹೆಸರು ಯಾರಿಗೂ ಬೇಡ. ಗಂಗಾಧರಸ್ವಾಮಿ ತನ್ನ ಆಯುಷ್ಯದಲ್ಲಿ ಎರಡನೆಯ ಬಾರಿಗೆ ಒಂದು ಮಾತನ್ನು ಪೂರ್ತಿ ಕೇಳಿಸಿಕೊಂಡ. ಕ್ಲಚ್ಚು ಎಂದರೆ ಎಡವಟ್ಟು, ಶಾಸ್ತ್ರ ಎಂದರೆ ಎಡವಟ್ಟಲ್ಲ. ಅವನು ಹೂಂ ಎಂದು ತಲೆ ಆಡಿಸಿದ.

ಅಷ್ಟೇ ಸಾಕಾಯಿತು. ದೊಡ್ಡಪ್ಪನವರು ಹಿಂದಕ್ಕೆ ತಿರುಗಿ, ಹೆಣ್ಣಿನ ಕಡೆ ಓಡೋ ಶಾಸ್ತ್ರ ಅದೆ, ಎಲ್ಲ ಓಡಿ ಎಂದು ಕೈ ಬೀಸಿದರು. ಮೂಗೂರಿನವರು ಶಾಸ್ತ್ರದಲ್ಲಿ ಹಿಂದೆ ಬೀಳುವವರಲ್ಲ. ಹೆಂಗಸರು ಒಂದು ಕೈಯಲ್ಲಿ ಕಳಸ, ಇನ್ನೊಂದರಲ್ಲಿ ನೆರಿಗೆ ಹಿಡಿದು ಓಡಿದರು. ಹಣ್ಣಿನ ತಟ್ಟೆ ಹಿಡಿದವರೊಬ್ಬರು ರಸಬಾಳೆ ಉದುರಿಸುತ್ತಾ ಓಡಿದರು. ಇತ್ತ ನಾವು ಹೆಣ್ಣಿನ ಕಡೆಯವರು ಬೆರಗಾಗಿ ನಿಂತಿದ್ದೆವು. ನಮ್ಮಲ್ಲೊಬ್ಬರು, ಬೀಗರ ಕಡೆ ಏನೋ ಹರಕೆ ಇದ್ದಂತಿದೆ, ಅವರು ಓಡುವಾಗ ನಾವು ನಡೆದರೆ ಮರ್ಯಾದೆಯಾ ಎಂದರು. ಮಾತು ನ್ಯಾಯವಾಗಿತ್ತು. ನಾನು ಕನ್ನಡಕ ಜೇಬಿಗೆ ಹಾಕಿ ಪಂಚೆ ಎತ್ತಿ ಕಟ್ಟಿದೆ. ಹೀಗೆ ಅವರ ಶಾಸ್ತ್ರವೆಂದು ನಾವು, ನಮ್ಮ ಶಾಸ್ತ್ರವೆಂದು ಅವರು, ಪರಸ್ಪರ ಗೌರವದಿಂದ ಏದುಸಿರು ಬಿಡುತ್ತಾ ಓಡಿದೆವು.

ಬಸ್ ಸ್ಟ್ಯಾಂಡಿನಲ್ಲಿ ಮೈಸೂರಿನ ಬಸ್ಸಿಗೆ ಕಾದಿದ್ದವರು ಇಷ್ಟು ಜನ ಓಡುವುದನ್ನು ಕಂಡು, ಬಸ್ಸು ಬೇರೆ ಕಡೆ ನಿಂತು ಹೊರಡುತ್ತಿದೆ ಎಂದುಕೊಂಡರು. ಅವರೂ ಚೀಲ ಎತ್ತಿಕೊಂಡು ಸೇರಿದರು. ನನ್ನ ಪಕ್ಕ ಓಡುತ್ತಿದ್ದ ಅಪರಿಚಿತರೊಬ್ಬರು, ಸೀಟು ಸಿಗುತ್ತದೆಯೇ ಎಂದು ನನ್ನನ್ನು ಕೇಳಿದರು. ಮೊದಲ ಪಂಕ್ತಿಯಲ್ಲಿ ಸಿಗಬಹುದು ಎಂದೆ. ಡ್ಯೂಟಿಯಲ್ಲಿದ್ದ ಕಾನ್ಸ್‌ಟೇಬಲ್ ಗಲಾಟೆ ಎಂದು ಲಾಠಿ ಹಿಡಿದು ಅಡ್ಡ ಬಂದ. ಮಂಟೇಸ್ವಾಮಿಯ ಡೋಲಿನವನು, ಶಾಸ್ತ್ರ ಕಣ್ ಸಾ, ದಾರಿ ಬುಡಿ ಎಂದ. ಕಾನೂನಿನಲ್ಲಿ ಇದಕ್ಕೆ ಸೆಕ್ಷನ್ ಸಿಗದೆ ಕಾನ್ಸ್‌ಟೇಬಲ್ಲು ಸೀಟಿ ಊದುತ್ತಾ ಮುಂದೆ ಓಡಿ ಎತ್ತಿನಗಾಡಿಗಳನ್ನು ಪಕ್ಕಕ್ಕೆ ಸರಿಸಿದ. ಮಂಟೇಸ್ವಾಮಿಗೆ ಉಸಿರು ಸಾಲದೆ ಆಲಾಪನೆ ಹೋಗಿ, ಬರೀ ಸಣ್ಣ ಸಣ್ಣ ತುಂಡು ಸ್ವರಗಳು ಬರುತ್ತಿದ್ದವು. ಕೇಳಲು ಅದೇ ಹುಮ್ಮಸ್ಸಾಗಿತ್ತು.

ತಾಲೂಕು ಆಫೀಸಿನ ಹತ್ತಿರ ಒಂದು ಆಟೋ ನಮ್ಮನ್ನು ದಾಟಿ ಕಾರಿನ ಪಕ್ಕಕ್ಕೆ ಬಂತು. ಅದರಲ್ಲಿ ಮದುಮಗನ ಅಜ್ಜಿ ಚಿಕ್ಕಮಾದಮ್ಮ ಕೂತಿದ್ದಳು. ಮೂಗೂರಿನ ಆ ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ ಎಂದು ನಮಗೆ ನಿಶ್ಚಿತಾರ್ಥದಲ್ಲೇ ತಿಳಿದಿತ್ತು. ಅವಳು ಕತ್ತು ಹೊರಗೆ ಹಾಕಿ, ಈ ಶಾಸ್ತ್ರ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಿದಳು. ಮಂಟಪಕ್ಕೆ ಎಂದ ಗಂಗಾಧರಸ್ವಾಮಿ. ನಡುವೆ ನಿಂತರೆ ದೋಷವಾ ಎಂದು ಕೇಳಿದಳು. ನಿಂತರೆ ಮತ್ತೆ ಹೊರಡುವುದು ಕಷ್ಟ ಎಂದು ಅವನು ನಿಜವನ್ನೇ ಹೇಳಿದ. ಚಿಕ್ಕಮಾದಮ್ಮ ಹಿಂದೆ ಬರುತ್ತಿದ್ದ ಮಕ್ಕಳು ಸೊಸೆಯರಿಗೆಲ್ಲ, ಯಾರೂ ನಿಲ್ಲಬೇಡಿ ಎಂದು ಅಪ್ಪಣೆ ಮಾಡಿದಳು.

ನಾವು ಮಂಟಪ ತಲುಪಿದಾಗ ಅಲ್ಲಿ ಯಾರೂ ಸಿದ್ಧರಿರಲಿಲ್ಲ. ಆರತಿಯ ನೀರಿಗೆ ಇನ್ನೂ ಸುಣ್ಣ ಬಿದ್ದಿರಲಿಲ್ಲ. ಹೆಂಗಸರು ಅರ್ಧ ಹೆಣೆದ ಜಡೆಯಲ್ಲಿದ್ದರು. ನಂಜುಂಡೇಶ ಬನೀನಿನಲ್ಲಿ ಅಡಿಗೆಯವನ ಮುಂದೆ ಸಾಂಬಾರಿನ ಉಪ್ಪು ನೋಡುತ್ತಿದ್ದ. ಅಂಗೈಯಲ್ಲಿ ಸಾಂಬಾರು ಇದ್ದಂತೆಯೇ ಬಾಗಿಲಿಗೆ ಓಡಿ ಬಂದ.

ಕಾರು ನಿಲ್ಲಿಸಬೇಕು. ಗಂಗಾಧರಸ್ವಾಮಿ ಎಡಗಾಲಿನಲ್ಲಿ ಕ್ಲಚ್ಚು ಒತ್ತಹೋದ. ಅಷ್ಟು ಹೊತ್ತಿಗೆ ಮೀನಖಂಡ ಗಂಟು ಕಟ್ಟಿಕೊಂಡು ಕಾಲು ಮಾತು ಕೇಳಲಿಲ್ಲ. ಬರೀ ಬ್ರೇಕು ಒತ್ತಿದ. ಕಾರು ಕೊನೆಯ ಸಲ ನೆಗೆದು, ಚಪ್ಪರದೊಳಕ್ಕೆ ಮೂಗು ತೂರಿಸಿ ಆಫಾಯಿತು. ಬಾಗಿಲಿಗೆ ಕಟ್ಟಿದ್ದ ಎರಡು ಬಾಳೆಕಂಬಗಳು ಮೆಲ್ಲಗೆ ಬಾಗಿ ಬಾನೆಟ್ಟಿನ ಮೇಲೆ ಒರಗಿದವು. ಮದುಮಗ ಬಾಳೆಲೆ ಸರಿಸಿಕೊಂಡು ಇಳಿದು ಎಲ್ಲರಿಗೂ ಕೈ ಮುಗಿದ.

ಆಗ ಅಲ್ಲೊಂದು ಜಗಳ ಆಗಬೇಕಿತ್ತು. ಆರತಿ ಇಲ್ಲ, ಎದುರುಗೊಳ್ಳುವವರಿಲ್ಲ, ಹೆಣ್ಣಿನ ತಂದೆ ಬನೀನಿನಲ್ಲಿ. ಇದಕ್ಕಿಂತ ಕಡಿಮೆ ಕಾರಣಕ್ಕೆ ಮುರಿದುಬಿದ್ದ ಮದುವೆಗಳನ್ನು ನಾನು ಬಲ್ಲೆ. ಆದರೆ ಜಗಳ ಆಡಬೇಕಾದವರಿಗೆ ಯಾರಿಗೂ ಉಸಿರು ಇರಲಿಲ್ಲ. ಎರಡೂ ಕಡೆಯವರು ಒಂದೇ ಜಮಖಾನದ ಮೇಲೆ ಸಿಕ್ಕಸಿಕ್ಕಲ್ಲಿ ಕುಸಿದು ಕೂತರು. ಮಜ್ಜಿಗೆ ಬಂತು. ಗಂಡಿನ ದೊಡ್ಡಪ್ಪ ನನ್ನ ಲೋಟದಲ್ಲೇ ಕುಡಿದರು. ಬಸ್ಸಿನವರೂ ಕುಡಿದರು.

ನಂಜುಂಡೇಶ ಭಾಮೈದನನ್ನು ಚಪ್ಪರದ ಮೂಲೆಗೆ ಎಳೆದುಕೊಂಡು ಹೋದ. ನಾನೂ ಹಿಂದೆ ಹೋದೆ, ಪಕ್ಕದ ಮನೆಯವನಿಗೆ ಅಷ್ಟು ಅಧಿಕಾರ ಇದೆ. ಏನಿದು ಎಂದು ನಂಜುಂಡೇಶ ಹಲ್ಲು ಕಚ್ಚಿ ಕೇಳಿದ. ಗಂಗಾಧರಸ್ವಾಮಿ ಒಂದು ಕಾಲಿನ ಮೇಲೆ ನಿಂತು, ಅಳು ತಡೆದುಕೊಂಡು ಎಲ್ಲ ಹೇಳಿದ. ಸುಡಬಾರದು ಎಂದು ಹಾಕಿಸಿದೆ ಭಾವ, ನಿಧಾನ ಹೋಗುವುದಿಲ್ಲ ಎಂದು ನನಗೆ ತಿಳಿಯಲಿಲ್ಲ, ಅವರು ಶಾಸ್ತ್ರವಾ ಎಂದರು, ನಾನು ಹೂಂ ಅಂದುಬಿಟ್ಟೆ. ನಾನು ಬಸ್ಸಿಗೆ ಹೋಗುತ್ತೇನೆ, ಗಾನವಿಗೆ ನೀನೇ ಹೇಳು ಎಂದ. ನನಗೆ ಅವನ ಮುಖ ನೋಡಲಾಗಲಿಲ್ಲ. ಆ ಹೊತ್ತಿಗೆ ಅವನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ಹತ್ತಿರದಲ್ಲಿ ಯಾವನಾದರೂ ಇಂಜಿನಿಯರ್ ಇದ್ದಿದ್ದರೆ ಹೊಡೆದುಬಿಡುತ್ತಿದ್ದೆ.

ನಂಜುಂಡೇಶ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಊರುಗೋಲಿನ ಸದ್ದಾಯಿತು. ಚಿಕ್ಕಮಾದಮ್ಮ ಬಂದು ನಿಂತಿದ್ದಳು. ಅವಳ ಹಿಂದೆ ಮೂಗೂರಿನವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು.

"ನಂಜುಂಡೇಶಪ್ಪ, ನಾ ಮುದುಕಿ, ಬಾಳ ಮದ್ವೆ ಕಂಡಿವ್ನಿ," ಎಂದಳು ಅವಳು. "ಈ ಓಡೋದ ಎಲ್ಲೂ ಕಾಣ್ನಿಲ್ಲ. ನೀ ಸುಳ್ಳೇಳೋನಲ್ಲ ಅಂತಾರೆ. ಏಳಪ್ಪ, ಇದು ನಿಮ್ಮ ಶಾಸ್ತ್ರವಾ, ಇಲ್ಲ ನಮ್ಮುನ್ನ ಓಡಿಸಿ ನೋಡಿದ್ರಾ?"

ನಂಜುಂಡೇಶ ಭಾಮೈದನನ್ನು ನೋಡಿದ. ಆ ಕುಂಟುಕಾಲನ್ನು ನೋಡಿದ. ಮಹಡಿಯ ಕಿಟಕಿಯಲ್ಲಿ ಗಾನವಿ ಅರಿಶಿನದ ಮುಖದಲ್ಲಿ ನಿಂತಿದ್ದಳು, ಅವಳನ್ನೂ ನೋಡಿದ. ತೂಕದ ಮನುಷ್ಯ, ಮನಸ್ಸಿನಲ್ಲಿ ಏನನ್ನು ಯಾವುದರ ಎದುರಿಗಿಟ್ಟು ತೂಗಿದನೋ ಗೊತ್ತಿಲ್ಲ.

"ಶಾಸ್ತ್ರಾನೇ ಕಣವ್ವ," ಎಂದ ನಂಜುಂಡೇಶ. "ನಮ್ಮ ಮನೇದಲ್ಲ. ನಮ್ಮ ಮನೆಯವಳ ತೌರಿನ ಕಡೇದು. ಅವಳಿದ್ದಿದ್ರೆ ಅವಳೇ ಮುಂದೆ ಓಡ್ತಿದ್ಲು."

ಅಷ್ಟು ಹೇಳಿ ಅವನು ಬನೀನಿನ ತುದಿಯಿಂದ ಕಣ್ಣು ಒರೆಸಿಕೊಂಡ. ಹೆಂಡತಿ ಹೋದ ಮೇಲೆ ಅವನು ನಾಲ್ಕು ಜನರ ಮುಂದೆ ಅವಳ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ. ಗಂಗಾಧರಸ್ವಾಮಿ ಚಪ್ಪರದ ಗಳ ಹಿಡಿದುಕೊಂಡು ಬಿಕ್ಕತೊಡಗಿದ.

ಚಿಕ್ಕಮಾದಮ್ಮ ಇಬ್ಬರನ್ನೂ ಒಂದು ಸಲ ನೋಡಿದಳು. ಅವಳಿಗೆ ಏನು ಅರ್ಥವಾಯಿತು, ಎಷ್ಟು ಅರ್ಥವಾಯಿತು ಎಂದು ನಾನು ಇವತ್ತಿಗೂ ಹೇಳಲಾರೆ. ತಾಯಿಯ ತೌರಿನ ಶಾಸ್ತ್ರ ಎಂದ ಮೇಲೆ ಶುರುಮಾಡಿದವನೇ ಮುಗಿಸಬೇಕು, ನಾಳೆ ಹುಡುಗಿಯನ್ನು ಹಸೆಗೆ ಕರೆತರುವವನು ಇವನೇ ತಾನೆ ಎಂದು ಕೇಳಿದಳು. ಬೀಗರ ಕಡೆಯ ಹಿರಿಯಳು ಕೇಳಿದ ಮೇಲೆ ಅದು ಪ್ರಶ್ನೆಯಲ್ಲ, ಅಪ್ಪಣೆ. ಇವನಲ್ಲದೆ ಇನ್ಯಾರು ಎಂದ ನಂಜುಂಡೇಶ. ಚಿಕ್ಕಪ್ಪನ ಮಗ ಸದ್ದಿಲ್ಲದೆ ರೇಷ್ಮೆ ಶಲ್ಯ ಮಡಚಿ ತಂದು ಗಂಗಾಧರಸ್ವಾಮಿಯ ಹೆಗಲಿಗೆ ಹಾಕಿದ. ಒಳ್ಳೆಯ ಮನುಷ್ಯ, ಅವನಿಗೆ ನಾಲ್ಕು ಜನರ ಮುಂದೆ ನಡೆಯುವುದು ಎಂದರೆ ಭಯವಿತ್ತಂತೆ.

ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ಗಂಗಾಧರಸ್ವಾಮಿಯ ಎಡಗಾಲು ಕುಂಬಳಕಾಯಿಯಾಗಿತ್ತು. ಮಲ್ಲಾಜಮ್ಮ ಬಟ್ಟೆ ಸುತ್ತಿ ಕಟ್ಟಿದ್ದಳು. ಆದರೂ ಶಲ್ಯ ಹೊದ್ದು, ವಿಭೂತಿ ಧರಿಸಿ ಮದುಮಗಳ ಕೋಣೆಯ ಬಾಗಿಲಿಗೆ ಬಂದು ನಿಂತ. ಗಾನವಿ ಹೊರಗೆ ಬಂದು ಅವನ ಕೈ ಹಿಡಿದಳು. ತಲೆ ಬಗ್ಗಿಸಿಕೊಂಡೇ ಸಣ್ಣ ದನಿಯಲ್ಲಿ ಕೇಳಿದಳು.

"ಮಾವ, ನಾವೂ ಓಡ್ಬೇಕಾ?"

"ಬ್ಯಾಡ ಕಣ್ ಮಗಾ," ಎಂದ ಗಂಗಾಧರಸ್ವಾಮಿ. "ಮೆಲ್ಲಗೆ ಓಗವ."

ಮೆಲ್ಲಗೆ ಎಂದರೆ ನಿಜಕ್ಕೂ ಮೆಲ್ಲಗೆ. ಅವನು ಒಂದು ಹೆಜ್ಜೆ ಇಟ್ಟು, ಹಲ್ಲು ಕಚ್ಚಿ, ನಿಂತು, ಇನ್ನೊಂದು ಹೆಜ್ಜೆ ಇಡುತ್ತಿದ್ದ. ಗಾನವಿ ಅವನ ಭಾರವನ್ನು ತನ್ನ ಕೈಗೆ ತೆಗೆದುಕೊಂಡು ನಡೆದಳು. ಯಾರು ಯಾರನ್ನು ಹಸೆಗೆ ಕರೆತರುತ್ತಿದ್ದಾರೆಂದು ಹೇಳುವುದು ಕಷ್ಟವಾಗಿತ್ತು. ಮಂಟೇಸ್ವಾಮಿ ಹಿಂದಿನ ದಿನ ಅರ್ಧಕ್ಕೆ ಬಿಟ್ಟ ಆಲಾಪನೆಯನ್ನು ಮೊದಲಿನಿಂದ ಎತ್ತಿಕೊಂಡ, ನಿಂತುಕೊಂಡೇ ನುಡಿಸಿದ. ಬಾಗಿಲಿನಿಂದ ಹಸೆಮಣೆಗೆ ಇದ್ದ ದಾರಿ ಹತ್ತು ಮಾರೂ ಇರಲಿಲ್ಲ. ರಾಗ ತುಂಬಿ ಬಂದರೂ ದಾರಿ ಮುಗಿಯಲಿಲ್ಲ. ಮೂಗೂರಿನವರು ಇದೂ ಒಂದು ಶಾಸ್ತ್ರವೆಂದು ಎದ್ದು ನಿಂತರು.

ಐನೋರು ಗಡಿಯಾರ ನೋಡಿ ಚಡಪಡಿಸಿದರು. ಮುಹೂರ್ತ ಮೀರುತ್ತದೆ, ಸ್ವಲ್ಪ ಬೇಗ ಕರೆತರಲಿ ಎಂದು ನಂಜುಂಡೇಶನ ಕಿವಿಯಲ್ಲಿ ಹೇಳಿದರು. ನಂಜುಂಡೇಶ ಭಾಮೈದನ ಕಡೆಯಿಂದ ಕಣ್ಣು ತೆಗೆಯಲಿಲ್ಲ.

"ಇರ್ಲಿ ಬುಡಿ ಐನೋರೆ," ಎಂದ. "ಅವನು ಬರೋ ಹಂಗೇ ಬರ್ಲಿ. ನಾವು ಕಾಯ್ತೀವಿ."